ಕೊಪ್ಪಳದ ಕೊನೆಯ ಅಕ್ಷರ

ಕಂಪ್ಯೂಟರ್ ತಾನಾಗಿ ಕೆಟ್ಟದ್ದು ಕಡಿಮೆ. ನಾನು ಸರಿ ಮಾಡಲು ಕೂತಾಗಲೇ ಏನಾದರೊಂದು ಆಗುತ್ತಿತ್ತು. ಎಂಬತ್ತರ ದಶಕದ ಕೊನೆ. ಗಂಗಾವತಿಯ ಅಕ್ಕಿ ವ್ಯಾಪಾರದ ಕಚೇರಿಯೊಂದರಲ್ಲಿ ನನಗೆ ಹಂಗಾಮಿ ನೌಕರಿ. ಗಿರಣಿಗಳ ಡೇಟಾಬೇಸ್ ಅಲ್ಲಿನ ದೊಡ್ಡ ಸರ್ವರಿನಲ್ಲಿ. ಕೊಪ್ಪಳ ಶಾಖೆಯಲ್ಲೊಂದು ಸಣ್ಣ ಕಂಪ್ಯೂಟರು. ಜಗಳವೆಲ್ಲ ಸಾಲಿನ ತುದಿಯದು. ಸಾಲು ಮುಗಿಯಿತೆಂದು ಸಣ್ಣದು ಕಣ್ಣಿಗೆ ಕಾಣದ ಎರಡು ಗುರುತು ಹಾಕುತ್ತಿತ್ತು, ದೊಡ್ಡದು ಒಂದೇ.

"ಮ್ಯಾಲಿನ ಸಾಹೇಬ್ರು ನೋಡಾಕ ಬರೂದ್ರಾಗ ಸರಿ ಆದ್ರ ನೀ ಖಾಯಂ. ಇಲ್ಲಾಂದ್ರ ಮಷೀನೂ ವಾಪಸ್, ನೀನೂ ವಾಪಸ್," ಎಂದಿದ್ದರು ಮ್ಯಾನೇಜರು.

೧. ಮೆಟ್ಟಿಲು

ದೊಡ್ಡದರ ಫೈಲು ಕೊಪ್ಪಳಕ್ಕೆ ಒಯ್ದು ಮುದ್ರಿಸಿದೆ. ಪ್ರತಿ ಸಾಲೂ ಹಿಂದಿನದು ಮುಗಿದಲ್ಲಿಂದಲೇ ಶುರುವಾಗಿ, ಬಲಕ್ಕೆ ಇಳಿಯುತ್ತ ಹಾಳೆ ದಾಟಿ ಹೋಯಿತು. ಶಾಖೆಯ ಗುಮಾಸ್ತರು ಅದನ್ನು ಎತ್ತಿ ಹಿಡಿದರು. "ಅಕ್ಕಾರ, ಇದು ಗಿರಣಿ ಯಾದಿನೋ, ನಮ್ಮ ಕ್ವಾಟಿ ಮೆಟ್ಲೋ? ಹಿಡ್ಕೊಂಡು ಇಳ್ಯಾಕ ಕಟಕಟಿನೂ ಹಚ್ಚಿಬಿಡ್ರಿ!"

೨. ಗಾಡಿ

ಮ್ಯಾನೇಜರಿಗೆ ಕಾರಣ ಹೇಳಬೇಕಲ್ಲ. ದೊಡ್ಡದು ಹಾಕದೆ ಬಿಡುತ್ತಿದ್ದ ಗುರುತು 'ಕ್ಯಾರೇಜ್ ರಿಟರ್ನ್', ಪ್ರಿಂಟರನ್ನು ಸಾಲಿನ ಎಡತುದಿಗೆ ಮರಳಿಸುವುದು. ಅದಕ್ಕೆ ಇಂಗ್ಲಿಷ್ ಶಾಲೆಯಲ್ಲಿ ಓದಿದ ನನ್ನ ಬಾಯಿಗೆ ಕನ್ನಡ ಸಿಗಲಿಲ್ಲ. ನೆಲ ನೋಡುತ್ತ, "ಗಾಡಿ ವಾಪಸ್ ಬರವಲ್ದು ಸರ್," ಎಂದೆ. ಅವರು ತಕ್ಷಣ, ಕಚೇರಿಯ ಜೀಪು ಹೋಗಿದ್ದ ಕುಷ್ಟಗಿಗೆ ಟ್ರಂಕ್ ಕಾಲ್ ಹಚ್ಚಿದರು. "ಏ, ನಮ್ಮ ಜೀಪ್ ಎಲ್ಲೈತಿ? ಲಗೂನ ಕಳಸ್ರಿ!" ತಿದ್ದುವಷ್ಟು ಧೈರ್ಯ ನನಗೆಲ್ಲಿ? ಡ್ರೈವರ್ ಊಟ ಅರ್ಧಕ್ಕೇ ಬಿಟ್ಟು ಓಡಿಸಿಕೊಂಡು ಬಂದ. "ನೋಡವಾ, ಗಾಡಿ ಬಂತು," ಎಂದರು ಮ್ಯಾನೇಜರು. "ಈಗ ಹೊಡಿ ಪ್ರಿಂಟು!"

೩. ಬಾಲ

ಸಾಹೇಬರು ಬರುವ ಹಿಂದಿನ ದಿನ ಕೊಪ್ಪಳದ ಫೈಲನ್ನು ಸರ್ವರಿಗೆ ಸೇರಿಸಿ ಯಲಬುರ್ಗಾ ಹುಡುಕಿದೆ. ಅಂಥ ಊರೇ ಇಲ್ಲ ಅಂದಿತು. ಪ್ರತಿ ಸಾಲಿನ ಕೊನೆಗೆ ಇಂಗ್ಲಿಷಿನಲ್ಲಿ ಊರ ಹೆಸರು. ಅದಕ್ಕೆ ಆ ಹೆಚ್ಚಿನ ಗುರುತು ಬಾಲದಂತೆ ಅಂಟಿತ್ತು. ಸಾಲಿನ ಕೊನೆಯದೊಂದನ್ನು ಕತ್ತರಿಸುವ ಪ್ರೋಗ್ರಾಮ್ ಬರೆದು ಓಡಿಸಿದೆ. ಯಲಬುರ್ಗಾ ಸಿಕ್ಕಿತು. ಅಲ್ಲಿಗೆ ಬಿಡಬೇಕಿತ್ತು. ನನ್ನ ಮೇಲೆ ನನಗೇ ನಂಬಿಕೆಯಿಲ್ಲ, ಖಾತ್ರಿಗೆಂದು ಇನ್ನೊಮ್ಮೆ ಓಡಿಸಿದೆ. ಈ ಸಲ ಕತ್ತರಿಸಲು ಬಾಲ ಇರಲಿಲ್ಲ. ಹೆಸರಿನ ಕೊನೆಯ ಇಂಗ್ಲಿಷ್ ಅಕ್ಷರವೇ ಹೋಯಿತು.

ಮರುದಿನ ಸಾಹೇಬರು ಪರದೆಗೆ ಕನ್ನಡಕ ಹಚ್ಚಿ ಓದಿದರು. ಕೊಪ್ಪಳ ಹೋಗಿ ಕೊಪ್ಪ ಆಗಿತ್ತು.

"ನಮ್ಮ ಗಿರಣಿ ಚಿಕ್ಕಮಗಳೂರು ಕಡೆ ಯಾವಾಗ ಹೋದ್ವು? ಮತ್ತ ಈ ಯಲ್ಬರ್ಗ್ ಎಲ್ಲೈತವಾ, ಜರ್ಮನಿಯಾಗೇನು? ಅದು ನಮ್ಮ ಅತ್ತಿ ಮನಿ. ಇನ್ನ ಹಬ್ಬಕ್ಕ ಹೋಗಾಕ ಪಾಸ್‌ಪೋರ್ಟ್ ಬೇಕೇನು?"

ಮ್ಯಾನೇಜರು ಮುಂದೆ ಬಂದು, "ಈಕಿನ್ನ ಇವತ್ತ ಮನಿಗೆ ಕಳಸ್ತೀನ್ರಿ ಸಾಹೇಬ್ರ," ಎಂದರು.

"ಹುಚ್ಚೇನ್ರಿ ನಿಮಗ?" ಸಾಹೇಬರು ಗದರಿದರು. "ಇಷ್ಟು ಕೆಡಿಸಿದ್ದನ್ನ ಕೆಡಿಸಿದಾಕಿ ಬಿಟ್ಟು ಬ್ಯಾರೆ ಯಾರು ಸರಿ ಮಾಡ್ತಾರ? ಮೊದ್ಲ ಈಕಿನ್ನ ಖಾಯಂ ಮಾಡ್ರಿ!"