ಊಟ ಬಿಸಿಯಾಗಿತ್ತೇ?

ಟೈಲರ್ ಕೆಟ್ಟದ್ದು ಒಂದೇ ಒಂದು ಗುರುತು ಹಾಕಿ. ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಒಂಬತ್ತು ದಿನ ಮಲಗಿದ್ದವನಿಗೆ ಅಂದು ಬೆಳಿಗ್ಗೆ ಡಾಕ್ಟರು ಹೊಲಿಗೆ ನೋಡಿ, "ಮನೆಗೆ ಹೋಗಬಹುದು" ಅಂದಿದ್ದರು. ಅಂಗಿ ಹಾಕಿ, ಚೀಲ ಕಟ್ಟಿ, ಚಪ್ಪಲಿ ಮೆಟ್ಟಿಕೊಂಡೇ ಕೂತಿದ್ದ. ಆಗ ಹೆಡ್ ಸಿಸ್ಟರ್ ಒಂದು ಹಾಳೆ ಕೊಟ್ಟರು. ಆಸ್ಪತ್ರೆಯ ಸೇವೆ ಹೇಗಿತ್ತು ಅಂತ ಇಪ್ಪತ್ತು ಪ್ರಶ್ನೆ. ಹತ್ತೊಂಬತ್ತಕ್ಕೆ "ಬಹಳ ಚೆನ್ನಾಗಿತ್ತು" ಎಂದು ಗುರುತು ಹಾಕಿದ. "ಊಟ ಬಿಸಿಯಾಗಿತ್ತೇ?" ಎಂಬಲ್ಲಿ ಪೆನ್ನು ನಿಂತಿತು. ಕಾಲಿಂಚು ಹೆಚ್ಚುಕಮ್ಮಿಯಾದರೆ ಇಡೀ ಅಂಗಿ ಬಿಚ್ಚಿ ಮತ್ತೆ ಹೊಲಿಯುವ ಮನುಷ್ಯ ಅವನು. ಒಂಬತ್ತು ದಿನವೂ ಊಟ ತಣ್ಣಗಿತ್ತು. "ಇಲ್ಲ" ಎಂದು ಗುರುತು ಹಾಕಿಬಿಟ್ಟ.

ಅವನಿಗೆ ಬೇಕಾಗಿದ್ದದ್ದು ಬಿಸಿ ಊಟವಲ್ಲ, ಹೆಂಡತಿಯ ಮುಖ. ಮನೆ ಮೂರನೇ ಮಹಡಿಯಲ್ಲಿ, ಅವಳಿಗೆ ಮಂಡಿನೋವು, ಮೆಟ್ಟಿಲು ಇಳಿಯಲೇಬಾರದು ಎಂದು ಡಾಕ್ಟರ ಆಜ್ಞೆ. ಹಾಗಾಗಿ ಒಂಬತ್ತು ದಿನವೂ ಬರೀ ಫೋನು. ಈಚೆಗೆ ಅವನ ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವಳು ಅವಳೇ. ಪೋಣಿಸುತ್ತಾ ಬೈಯುತ್ತಿದ್ದಳು. ಕಾಯಿಲೆಯವರನ್ನು ಬೈಯಬಾರದಂತೆ, ಹಾಗಾಗಿ ಫೋನಿನಲ್ಲಿ ಮಾತ್ರ ಬೆಣ್ಣೆಯಂಥ ಮಾತು. ಆ ಬೈಗುಳಕ್ಕಾಗಿ ಟೈಲರ್ ಹಂಬಲಿಸಿ ಹೋಗಿದ್ದ. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಇಷ್ಟು ದಿನ ಅವಳನ್ನು ಬಿಟ್ಟಿದ್ದೇ ಇಲ್ಲ.

ಸಿಸ್ಟರ್ ಹಾಳೆ ನೋಡಿ ತಲೆಯ ಮೇಲೆ ಕೈ ಹೊತ್ತರು.

"ಏನ್ ಮಾಡಿಬಿಟ್ರಿ ಅಣ್ಣಾ! ಸುಮ್ನೆ ಹೂಂ ಅನ್ನಬಾರದಿತ್ತಾ?"

ಸುದ್ದಿ ತಿಳಿದು ಕ್ವಾಲಿಟಿ ಮ್ಯಾನೇಜರು ಟೈ ಸರಿಮಾಡಿಕೊಳ್ಳುತ್ತಾ ಬಂದರು. "ನೋಡಿ, ದೂರು ಬಂದ್ರೆ ಅದನ್ನ ಸರಿಪಡಿಸಿ, ನೀವು ಒಪ್ಪಿ ಸಹಿ ಹಾಕೋವರೆಗೂ ಕಳಿಸೋ ಹಾಗಿಲ್ಲ. ನಿಯಮ. ಮಧ್ಯಾಹ್ನ ಬಿಸಿಬಿಸಿ ಊಟ ಬರುತ್ತೆ, ತಿಂದು ಹೊರಡಿ."

"ಬಿಸಿಯಾಗಿತ್ತು ಅಂತಲೇ ಬರ್ಕೊಡ್ತೀನಿ ಬಿಡಿ ಸ್ವಾಮಿ. ಮನೇಲಿ ಕಾಯ್ತಿದಾಳೆ."

"ಸುಳ್ಳು ಬರೆಸಿಕೊಳ್ಳೋ ಆಸ್ಪತ್ರೆ ಅಲ್ಲ ಇದು!"

ಪಕ್ಕದ ಹಾಸಿಗೆಯ ಮೇಷ್ಟ್ರು ಮಗ್ಗುಲು ಬದಲಿಸಿದರು. "ನನಗೂ ಮನೆಗೆ ಹೋಗಿ ಅಂದು ಇಪ್ಪತ್ತು ದಿನ ಆಯ್ತು ಕಣಯ್ಯಾ. ಫ್ಯಾನು ಶಬ್ದ ಮಾಡುತ್ತೆ ಅಂತ ಬರೆದಿದ್ದೆ. ರಿಪೇರಿಯವನು ಇನ್ನೂ ಬಂದಿಲ್ಲ."

ಒಂದು ಗಂಟೆಗೆ ಸೂಪು ಬಂತು, ಕುದಿಯುತ್ತಲೇ ಬಂತು. ಮ್ಯಾನೇಜರು, ಸಿಸ್ಟರು, ಅಡುಗೆಯವನು, ಎಲ್ಲರೂ ಸುತ್ತ ನಿಂತು ಅವನ ಬಾಯಿಯನ್ನೇ ನೋಡಿದರು. ಬೇಗ ಮುಗಿಸಿ ಓಡೋಣವೆಂದು ಟೈಲರ್ ಬಟ್ಟಲನ್ನೇ ಎತ್ತಿದ. ನಾಲಿಗೆ ಸುಟ್ಟಿತು, ಬಟ್ಟಲು ಬಿತ್ತು, ಎದ್ದವನ ಕಾಲು ಸೂಪಿನ ಮೇಲೆ ಜಾರಿ ನೆಲಕ್ಕೆ ಕುಕ್ಕರಿಸಿದ. ಏಟೇನೂ ಆಗಲಿಲ್ಲ. ಆದರೆ ಮ್ಯಾನೇಜರ ಮುಖ ಬಿಳಿಚಿತು.

"ವಾರ್ಡಿನೊಳಗೆ ಬಿದ್ರೆ ಐದು ಗಂಟೆ ನಿಗಾದಲ್ಲಿ ಇಡಬೇಕು. ಮನೆಯವರಿಗೂ ತಿಳಿಸಬೇಕು."

"ಅವಳಿಗೆ ಹೇಳಬೇಡಿ! ಗಾಬರಿ ಬೀಳ್ತಾಳೆ!" ಎಂದು ಟೈಲರ್ ಕೈಮುಗಿದ. ಮ್ಯಾನೇಜರು ಆಗಲೇ ನಂಬರು ಒತ್ತುತ್ತಾ ಹೊರಗೆ ನಡೆದಿದ್ದರು.

ಆಮೇಲೆ ಅವನೂ ಮನೆಗೆ ಫೋನು ಮಾಡಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಮಂಚದಿಂದ ಇಳಿದರೆ ಇನ್ನೊಂದು ಫಾರಂ ತುಂಬುತ್ತಾರೆಂಬ ಹೆದರಿಕೆಗೆ ಕೂತಲ್ಲೇ ಕೂಗತೊಡಗಿದ. "ನನ್ನನ್ನ ಮನೆಗೆ ಕಳಿಸ್ರೋ! ನನ್ನ ಹೆಂಡತಿ ಒಬ್ಬಳೇ ಇದಾಳೆ!"

"ಸ್ವಲ್ಪ ಮೆಲ್ಲಗೆ," ಅಂದರು ಮೇಷ್ಟ್ರು. "ಫ್ಯಾನು ಶಬ್ದ ಮಾಡ್ತಿದೆಯೋ ಇಲ್ಲವೋ ಗೊತ್ತಾಗ್ತಿಲ್ಲ."

ಆರು ಗಂಟೆಗೆ ಬಿಟ್ಟರು. ತೋರಿಸಿದಲ್ಲೆಲ್ಲ ಸಹಿ ಹಾಕಿ, ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಮೂರು ಮಹಡಿ ಹತ್ತಿದ. ಬಾಗಿಲಿಗೆ ಬೀಗ. ಫೋನು ಮಾಡಿದರೆ ಬಾಗಿಲ ಒಳಗಿಂದಲೇ ರಿಂಗು ಕೇಳಿಸಿತು. ಕೆಳಮನೆಯ ಹೆಂಗಸು ಮೆಟ್ಟಿಲು ಹತ್ತಿ ಬಂದಳು.

"ಅಯ್ಯೋ, ನೀವಿಲ್ಲಿದೀರಾ? ನೀವು ಬಿದ್ರಿ ಅಂತ ಫೋನ್ ಬಂತಂತೆ. ಅಕ್ಕ ಬಾಗಿಲಿಗೆ ಬೀಗ ಹಾಕಿ ಬರಿಗಾಲಲ್ಲೇ ಓಡಿದ್ರು. ಕೊನೇ ಮೆಟ್ಟಿಲಲ್ಲಿ ಬಿದ್ದು ಕಾಲು ಮುರ್ಕೊಂಡ್ರು. ನಾವೇ ನಿಮ್ಮ ಆಸ್ಪತ್ರೆಗೆ ಸೇರಿಸಿ ಬಂದ್ವಿ. ಬೀಗದ ಕೈ ಅವರ ಸೆರಗಲ್ಲೇ ಇದೆ."

ಟೈಲರ್ ಹೇಗೆ ಇಳಿದನೋ, ಹೇಗೆ ಓಡಿದನೋ. ಏಳು ಗಂಟೆಗೆ ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಕೋಲು ಅಡ್ಡ ಹಿಡಿದ.

"ನೋಡೋ ಹೊತ್ತು ನಾಲ್ಕರಿಂದ ಆರು. ನಾಳೆ ಬನ್ನಿ."

"ಒಂದು ಗಂಟೆ ಹಿಂದೆ ನಾನು ಒಳಗೇ ಇದ್ದೆನಲ್ಲಪ್ಪಾ!"

"ಆಗ ಪೇಷಂಟು. ಈಗ ಹೊರಗಿನವರು."

ಅಷ್ಟರಲ್ಲಿ ಕೆಲಸ ಮುಗಿಸಿ ಹೊರಟ ಹೆಡ್ ಸಿಸ್ಟರ್ ಅವನನ್ನು ಕಂಡು ನಿಂತರು.

"ಅಕ್ಕ ಪರವಾಗಿಲ್ಲ ಅಣ್ಣಾ, ಪಟ್ಟಿ ಹಾಕಿದಾರೆ. ನಿಮ್ಮ ಮಂಚದ ಪಕ್ಕದ ಗೋಡೆ ಇತ್ತಲ್ಲ, ಅದರ ಆಚೆಗೇ ಹೆಂಗಸರ ವಾರ್ಡು. ಮೂರು ಗಂಟೆಯಿಂದ ಅಲ್ಲೇ ಇದಾರೆ."

"ಮೂರು ಗಂಟೆಯಿಂದ? ನನಗ್ಯಾಕೆ ಹೇಳ್ಲಿಲ್ಲ ತಾಯೀ?"

"ನಿಗಾದಲ್ಲಿರೋರಿಗೆ ಗಾಬರಿ ಸುದ್ದಿ ಹೇಳೋ ಹಾಗಿಲ್ಲ," ಸಿಸ್ಟರ್ ತಲೆ ತಗ್ಗಿಸಿದರು. "ಬಂದಾಗ ತುಂಬಾ ಅಳ್ತಿದ್ರು. ಆಮೇಲೆ ಗೋಡೆ ಆಚೆಯಿಂದ ನಿಮ್ಮ ಕೂಗು ಕೇಳಿಸ್ತು. 'ನಮ್ಮವರು ಹುಷಾರಾಗಿದಾರೆ, ಗಂಟಲು ನೋಡಿ ಹೇಗಿದೆ' ಅಂತ ವಾರ್ಡಿಗೆಲ್ಲ ಹೇಳಿದ್ರು. ನೀವು ಕೂಗಿದಾಗೆಲ್ಲ ನಗ್ತಿದ್ರು, ಬೈತಾನೂ ಇದ್ರು. ಆರು ಗಂಟೆಗೆ ನಿಮ್ಮ ಧ್ವನಿ ನಿಂತಿತು ನೋಡಿ, ಮತ್ತೆ ಅಳೋಕೆ ಶುರು ಮಾಡಿದ್ರು. ಮಾತ್ರೆ ಕೊಟ್ಟಿದೀವಿ. ಈಗಷ್ಟೇ ನಿದ್ದೆ ಹತ್ತಿದೆ."

ಟೈಲರ್ ಮೇಲಿನ ಕಿಟಕಿಗಳನ್ನು ನೋಡಿದ. ಒಂದೇ ಒಂದು ಸಲ ಕೂಗಬೇಕೆಂದು ಬಾಯಿ ತೆರೆದ. ಅವಳಿಗೆ ಎಚ್ಚರವಾಗಿಬಿಟ್ಟರೆ ಎಂದು ಹಾಗೇ ಮುಚ್ಚಿಕೊಂಡ.

"ಎಷ್ಟು ದಿನ ಇಟ್ಕೋತಾರೆ?" ಎಂದು ಪಿಸುಗುಟ್ಟಿದ.

"ಹತ್ತು ದಿನ."

ಮನೆಗೆ ಬೀಗ, ಆಸ್ಪತ್ರೆಗೆ ಗೇಟು. ಟೈಲರ್ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತ. ನಾಳೆ ಸಂಜೆ ನಾಲ್ಕಕ್ಕೆ ಇನ್ನೂ ಇಪ್ಪತ್ತೊಂದು ಗಂಟೆ ಇತ್ತು.