ಎರಡು ಹಲಗೆಯಷ್ಟು ಸ್ನೇಹ

ನಿವೃತ್ತ ಶಾಲಾ ಶಿಕ್ಷಕಿಯೊಬ್ಬಳ ಮೊಣಕಾಲು ಆ ಶನಿವಾರ ಬೆಳಿಗ್ಗೆ ಊದಿಕೊಳ್ಳದೆ ಇದ್ದಿದ್ದರೆ ಆಸ್ಟ್ರೇಲಿಯದ ನೋಬಲ್ ಪಾರ್ಕ್ ಬಡಾವಣೆಯ ಆ ಬೇಲಿ ಇಂದಿಗೂ ಮುರಿದೇ ಇರುತ್ತಿತ್ತು. ಅದರ ಎರಡು ಬದಿಯ ಎರಡು ಮುದಿಜೀವಗಳೂ ನೆಮ್ಮದಿಯಾಗಿರುತ್ತಿದ್ದವು.

ಮೊಣಕಾಲಿನ ಸುದ್ದಿ ಫೋನಿನಲ್ಲಿ ಬಂದಾಗ ವಿಯಸ್ನಾ ಕೆಯೋ ಹಲ್ಲುಜ್ಜುತ್ತಿದ್ದ. ನೊರೆ ಬಾಯಲ್ಲೇ ಉಳಿಯಿತು. ಅಂದು ಮಧ್ಯಾಹ್ನ ಮೂರಕ್ಕೆ ಅವನ ಪರೀಕ್ಷೆ. ‘ಉದಯೋನ್ಮುಖ ನಾಯಕರ ಬಳಗ’ದ ಒಂಬತ್ತು ಮಂದಿಯಲ್ಲಿ ಅವನೊಬ್ಬ. ಆರು ತಿಂಗಳೊಳಗೆ ಒಬ್ಬ ಆಸ್ಟ್ರೇಲಿಯದವರನ್ನೂ ಒಬ್ಬ ಏಷ್ಯಾದವರನ್ನೂ ಸ್ನೇಹದಲ್ಲಿ ಬೆಸೆದು ತೋರಿಸುವುದು ಪ್ರತಿಯೊಬ್ಬರ ಪಾಲಿನ ಕೆಲಸ. ತೋರಿಸಿದವರಿಗೆ ಜುಲೈನಲ್ಲಿ, ಅವನ ಹಿರಿಯರ ನಾಡಿನ ರಾಜಧಾನಿ ನೋಮ್ ಪೆನ್ನಿನ ಸಮಾವೇಶದಲ್ಲಿ, ಭಾಷಣ. ತೋರಿಸದವರ ಹೆಸರು ಪಟ್ಟಿಯಿಂದ ಹೊರಗೆ. ಬೆಳಗಿನ ಮೂರಕ್ಕೇ ಎದ್ದು ಬ್ರೆಡ್ಡಿನ ಅಂಗಡಿ ತೆರೆಯುವ ಅವನ ಅಮ್ಮ, ಬನ್ನು ಕೊಂಡವರಿಗೆಲ್ಲ ಮಗನ ಭಾಷಣದ ಸುದ್ದಿಯನ್ನು ಆಗಲೇ ಕಟ್ಟಿ ಕೊಟ್ಟಾಗಿತ್ತು.

ಬಳಗದ ಇನ್ನೊಬ್ಬಳು ಕೊರಿಯದ ಅಜ್ಜಿಯರನ್ನು ಕಡಲ ಕಾವಲಿನ ಹುಡುಗರೊಂದಿಗೆ ಅಲೆಯ ಮೇಲೆ ಹತ್ತಿಸಿ ಇಳಿಸಿದ್ದಳು. ವಿಯಸ್ನಾ ಮುದುಕರ ಕ್ಲಬ್ಬಿನಲ್ಲಿ ಅಡುಗೆ ಶಿಬಿರ ನಡೆಸಿದ್ದ. ಮೆಣಸಿನಕಾಯಿ ಎಣ್ಣೆಗೆ ಬಿದ್ದೊಡನೆ ಹೊಗೆಯ ಎಚ್ಚರಿಕೆ ಗಂಟೆ ಬಡಿದುಕೊಂಡು, ಮುದುಕರೆಲ್ಲ ಬೀದಿಗೆ ಓಡಿ, ಕೊನೆಗೆ ಬೆಂಕಿ ಆರಿಸಲು ಬಂದವರು ಹೊಟ್ಟೆತುಂಬ ಉಂಡು ಹೋಗಿದ್ದರು. ಉಳಿದ ಒಂದೇ ಆಸರೆ ಆ ಶಿಕ್ಷಕಿ ಮತ್ತು ಲಾವೋಸಿನ ದರ್ಜಿಯ ಜೋಡಿ. ಈಗ ಅದೂ ಮೊಣಕಾಲಿನ ಪಾಲಾಗಿತ್ತು.

ಬಾಯಿ ಮುಕ್ಕಳಿಸಲು ಅಡುಗೆಮನೆಗೆ ಬಂದವನು ಕಿಟಕಿಯಾಚೆ ನೋಡಿದ. ಹಿತ್ತಲಿನ ಮರದ ಬೇಲಿಯಲ್ಲಿ ಎರಡು ಹಲಗೆ ಕಳಚಿದ ಸಂದಿಯಿತ್ತು. ಅವನ ಅಜ್ಜಿ ಸಾರೂನ್ ಅದರ ಮುಂದೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಮುಚ್ಚಿದ ಬಟ್ಟಲೊಂದನ್ನು ಇಟ್ಟು ಸರಿದಳು. ಆಚೆಯಿಂದ ಕಂದು ಚುಕ್ಕೆಗಳ ಉದ್ದನೆಯ ತೋಳೊಂದು, ಗಡಿಯಾರ ಸಮೇತ, ಹುತ್ತದಿಂದ ಹಾವು ಬಂದಂತೆ ಬಂತು. ಬಟ್ಟಲನ್ನು ಎತ್ತಿಕೊಂಡಿತು. ನಾಲ್ಕು ನಿಂಬೆಹಣ್ಣನ್ನೂ ನಿನ್ನೆಯ ತೊಳೆದ ಬಟ್ಟಲನ್ನೂ ಇಟ್ಟು ಮಾಯವಾಯಿತು.

ವಿಯಸ್ನಾ ಆ ಮನೆಯಲ್ಲೇ ಬೆಳೆದವನು. ಆದರೆ ಮುಂಬಾಗಿಲಿನಿಂದ ಲೋಕೋದ್ಧಾರಕ್ಕೆ ಹೊರಡುವವರಿಗೆ ಹಿತ್ತಲು ಕಾಣುವುದು ಅಪರೂಪ.

"ಅಜ್ಜೀ, ಅದು ಯಾರ ಕೈ?"

"ಯಾರ್ದಾದ್ರೆ ನಿಂಗೇನು? ಹಣ್ಣು ಎಷ್ಟು ಚೆನ್ನಾಗಿದೆ ನೋಡು."

"ಪಕ್ಕದ್ಮನೆ ಮರ್ವ್‌ದಲ್ವಾ? ಎಷ್ಟು ದಿನದಿಂದ ನಡೀತಿದೆ ಇದು?"

"ಗಾಳಿಗೆ ಹಲಗೆ ಬಿತ್ತಲ್ಲ, ಆವತ್ತಿಂದ. ನೀನಾಗ ಆರು ವರ್ಷದೋನು, ಮೂಗು ಒರೆಸ್ಕೊಳ್ಳೋಕೂ ಬರ್ತಿರ್ಲಿಲ್ಲ."

"ಇಪ್ಪತ್ತು ವರ್ಷ! ಒಂದು ಮಾತೂ ಆಡಿಲ್ವಾ?"

"ನನ್ನ ಮಾತು ಅವನಿಗೆ ಬರಲ್ಲ, ಅವನ ಮಾತು ನಂಗೆ ಬರಲ್ಲ. ಅದಕ್ಕೇ ಚೆನ್ನಾಗಿದ್ದೀವಿ."

ಕೊನೆಯ ಮಾತು ವಿಯಸ್ನಾನ ಕಿವಿಗೆ ಬೀಳಲಿಲ್ಲ. ಅವನ ಕಣ್ಣೆದುರು ಆಗಲೇ ನೋಮ್ ಪೆನ್ನಿನ ವೇದಿಕೆ ಎದ್ದಿತ್ತು. ಇಪ್ಪತ್ತು ವರ್ಷದ ಮೌನವನ್ನು ಒಂದೇ ಮಧ್ಯಾಹ್ನದಲ್ಲಿ ಮುರಿದ ನಾಯಕ! ಎರಡೂ ಭಾಷೆ ಬಲ್ಲವನು ತಾನೇ, ದುಭಾಷಿಯೂ ತಾನೇ. ತರಬೇತಿಯಲ್ಲಿ ಕಲಿಸಿದ್ದು ಅವನಿಗೆ ಬಾಯಿಪಾಠವಾಗಿತ್ತು: ದುಭಾಷಿಯಾದವನು ಕನ್ನಡಿಯಂತಿರಬೇಕು, ಕೂಡಿಸಬಾರದು, ಕಳೆಯಬಾರದು.

ಮರ್ವ್ ಟಕ್‌ವೆಲ್ ರೈಲು ಹಳಿಗಳ ಕೆಲಸದಿಂದ ನಿವೃತ್ತನಾದ ಎಪ್ಪತ್ತೊಂಬತ್ತರ ಒಂಟಿ ಮನುಷ್ಯ. ಬಾಗಿಲಿಗೆ ಬಂದ ವಿಯಸ್ನಾನ ಬಿನ್ನಹವನ್ನು ಕೇಳಿ ಅವನು ಬಹಳ ಹೊತ್ತು ಕಿವಿ ಕೆರೆದುಕೊಂಡ.

"ಮಾತಾಡ್ಬೇಕಾ? ಏನು ಮಾತಾಡೋದು ಮಾರಾಯ? ಹೆಂಡ್ತಿ ಬೆರಿಲ್ ಜೊತೆ ನಲವತ್ತು ವರ್ಷ ಮಾತಾಡ್ದೆ. ಅರ್ಧ ಜಗಳ, ಅರ್ಧ ಹವಾಮಾನ."

"ಒಂದರ್ಧ ಗಂಟೆ ಅಷ್ಟೇ ಮರ್ವ್. ನನ್ನ ಮಾನ ಹೋಗತ್ತೆ."

"ಬರ್ತೀನಿ ಬಿಡು. ಆದ್ರೆ ಅವರಿಗೆ ತೊಂದ್ರೆ ಆಗಬಾರ್ದು. ನಿಮ್ಮಜ್ಜಿ ಭಾಳ ಒಳ್ಳೆ ಕೈ... ಹೆಂಗಸು."

ಈ ಮಾತುಕತೆ ಎದುರುಮನೆಯ ಗ್ಲೆನಿಸಳ ಕಿವಿಗೆ ಬೀಳದೆ ಇರಲು ಸಾಧ್ಯವಿರಲಿಲ್ಲ. ಆ ಬೀದಿಯಲ್ಲಿ ಬೆಕ್ಕು ಮರಿ ಹಾಕಿದರೆ ಬೆಕ್ಕಿಗಿಂತ ಮೊದಲು ಎಣಿಸುವವಳು ಅವಳು. ಹತ್ತೇ ನಿಮಿಷದಲ್ಲಿ ಮಡಚುವ ಕುರ್ಚಿಗಳು, ಕಸೂತಿಯ ಮೇಜುಬಟ್ಟೆ, ಹಲ್ಲುಕಡ್ಡಿಗೆ ಎರಡು ದೇಶಗಳ ಬಾವುಟ ಅಂಟಿಸಿ ಚುಚ್ಚಿದ ಕೇಕು, ಎಲ್ಲವನ್ನೂ ಹೊತ್ತು ಹಾಜರಾದಳು.

"ಹಿತ್ತಲಲ್ಲಾ? ಕೋಳಿ ಪಿಕ್ಕೆ ಮಧ್ಯೆನಾ? ನಿಂಗೆ ಬುದ್ಧಿ ಇದ್ಯಾ ಪುಟ್ಟಾ! ಮುಂದಿನ ಕೋಣೇಲಿ ಕೂರಿಸು, ಸೋಫಾ ಮೇಲೆ. ಮೂರಕ್ಕೆ ಬಳಗದೋರು ಬರೋದ್ರೊಳಗೆ ಒಂದ್ಸಲ ಅಭ್ಯಾಸ ಆಗ್ಲಿ. ಪ್ರಶ್ನೆ ನಾನು ಹೇಳಿಕೊಡ್ತೀನಿ."

ಒಂದೂವರೆಗೆ ಮರ್ವ್ ಜೀವನದಲ್ಲಿ ಮೊದಲ ಬಾರಿಗೆ ಆ ಮನೆಯ ಮುಂಬಾಗಿಲಿಗೆ ಬಂದ. ಫೆಬ್ರವರಿಯ ಬಿಸಿಲಿನಲ್ಲಿ, ಹೆಂಡತಿಯ ಶವಸಂಸ್ಕಾರಕ್ಕೆ ಕಟ್ಟಿದ್ದ ಟೈ ಕಟ್ಟಿ, ಹೆಣ್ಣು ನೋಡಲು ಬಂದ ವರನಂತೆ ಬೆವರುತ್ತಿದ್ದ. ಬೂಟು ಬಿಚ್ಚಿದಾಗ ಕಾಲುಚೀಲದಿಂದ ಹೆಬ್ಬೆರಳು ಇಣುಕಿತು. ಅದನ್ನು ಇನ್ನೊಂದು ಪಾದದಿಂದ ಮುಚ್ಚಿಕೊಂಡು ಒಂಟಿಕಾಲಿನ ಕೊಕ್ಕರೆಯಂತೆ ನಿಂತ. ಅಜ್ಜಿ ಹೊಸವರ್ಷಕ್ಕೆ ಮಾತ್ರ ಉಡುವ ರೇಷ್ಮೆ ಉಟ್ಟು ಸೋಫಾದ ತುದಿಯಲ್ಲಿ ಕುಳಿತಿದ್ದಳು. ಇಪ್ಪತ್ತು ವರ್ಷ ಒಬ್ಬರಿಗೊಬ್ಬರು ತೋಳಷ್ಟೇ ಆಗಿದ್ದವರು ಈಗ ಪೂರ್ತಿ ಮನುಷ್ಯರಾಗಿ ಎದುರುಬದುರಾಗಿ ನಾಚಿಕೊಂಡರು. ಸೋಫಾದ ಪ್ಲಾಸ್ಟಿಕ್ ಹೊದಿಕೆ, ಯಾರು ಅಲ್ಲಾಡಿದರೂ, ಅವರಿಗಿಂತ ಹೆಚ್ಚು ಮಾತಾಡಿತು.

ಮೊದಲ ಮಾತುಗಳು ಸುಗಮವಾಗಿ ಸಾಗಿದವು. ಕೋಳಿಗಳು ಕ್ಷೇಮವೆಂದು ತಿಳಿಯಿತು. ಮಳೆ ಸಾಲದೆಂದು ಎರಡು ಭಾಷೆಗಳೂ ಒಪ್ಪಿದವು. ವಿಯಸ್ನಾ ಕನ್ನಡಿಯಂತೆ ಹೊಳೆಯುತ್ತಿದ್ದ. ಆಗ ಗ್ಲೆನಿಸ್ ಅವನ ಪಕ್ಕೆ ತಿವಿದಳು.

"ಇದೆಲ್ಲ ಎಂಥ ಸಪ್ಪೆ ಮಾತು! ಊಟದ ವಿಷ್ಯ ಕೇಳು. ಅಜ್ಜಿ ಕೈರುಚಿ ಹೇಗಿದೆ ಅಂತ ಮರ್ವ್‌ನ ಕೇಳು."

ಕೇಳಿದ. ಮರ್ವ್‌ನ ಮುಖ ಅರಳಿತು. ಮನಸ್ಸಿನಲ್ಲಿ ಬಹುಕಾಲದಿಂದ ಕಟ್ಟಿಟ್ಟ ಕೃತಜ್ಞತೆಯ ಗಂಟನ್ನು ಬಿಚ್ಚಲು ಕೊನೆಗೂ ಅವನಿಗೊಂದು ಬಾಯಿ ಸಿಕ್ಕಿತ್ತು.

"ಹೇಳು ಅವರಿಗೆ, ನಮ್ಮ ಗುಲಾಬಿ ನಾಲ್ಕು ಸಲ ಪ್ರದರ್ಶನದಲ್ಲಿ ಮೊದಲ ಬಹುಮಾನ ತಗೊಂಡಿದೆ. ಎಲ್ಲಾ ಅವರ ಆ ಬೂದುಬಣ್ಣದ ಮೀನಿನ ಗೊಜ್ಜಿಂದ್ಲೇ. ಒಂದು ಬಕೆಟ್ ನೀರಿಗೆ ಒಂದು ಬಟ್ಟಲು ಕಲಸಿ ಬುಡಕ್ಕೆ ಹಾಕ್ತೀನಿ. ಅಂಥ ಗೊಬ್ಬರ ಯಾವ ಅಂಗಡೀಲೂ ಸಿಗಲ್ಲ ಮಾರಾಯ!"

ಅಜ್ಜಿಯ ಆ ಗೊಜ್ಜು ಎಂಥದೆಂದು ವಿಯಸ್ನಾನಿಗೆ ಗೊತ್ತಿತ್ತು. ಹುದುಗಿಸಿದ ಮೀನನ್ನು ಮಜ್ಜಿಗೆಹುಲ್ಲಿನ ಜೊತೆ ಪ್ರತಿ ಸಂಜೆ ಒರಳಿನಲ್ಲಿ ಕುಟ್ಟಿ, ಅವಳ ತಾಯಿ ಮಾಡುತ್ತಿದ್ದಂತೆಯೇ ಮಾಡುವುದು. ಅವಳೊಂದಿಗೆ ಗಡಿ ದಾಟಿ ಬಂದ ಒಂದೇ ಒಂದು ಆಸ್ತಿ ಅದು. ಆದರೆ ಕನ್ನಡಿ ಕಳೆಯಬಾರದು. ಹೇಳಿಬಿಟ್ಟ.

"ಗುಲಾಬಿ ಗಿಡಕ್ಕಾ?" ಎಂದಳು ಅಜ್ಜಿ.

ಮರ್ವ್ ಹೆಮ್ಮೆಯಿಂದ ತಲೆಯಾಡಿಸಿ, ಹತ್ತು ಬೆರಳನ್ನು ಎರಡು ಸಲ ಬಿಡಿಸಿ ತೋರಿಸಿದ: ಇಪ್ಪತ್ತು ವರ್ಷ!

"ಕೇಳು ಅವನನ್ನ. ಒಂದು ತುತ್ತಾದ್ರೂ ಬಾಯಿಗೆ ಹಾಕಿದ್ದಾನಾ?"

"ಒಂದ್ಸಲ," ಎಂದ ಮರ್ವ್, ಪ್ರಾಮಾಣಿಕ ಮನುಷ್ಯ. "ಮೊದಲನೇ ದಿನ. ಮುಚ್ಚಳ ತೆಗೆದಾಗ ನಮ್ಮ ನಾಯಿ ಎದ್ದು ಹೊರಗೆ ಹೋಯ್ತು."

ಗ್ಲೆನಿಸ್ ಕಿಸಕ್ಕನೆ ನಕ್ಕಳು. ನಗುವಿಗೆ ತರ್ಜುಮೆ ಬೇಕಿರಲಿಲ್ಲ. ಅಜ್ಜಿಯ ಬೆನ್ನು ನೆಟ್ಟಗಾಯಿತು.

"ಹಾಗಾದ್ರೆ ಇದನ್ನೂ ಹೇಳು ಅವನಿಗೆ. ಪ್ರತಿ ಕ್ರಿಸ್‌ಮಸ್‌ಗೂ ಬಟ್ಟೇಲಿ ಸುತ್ತಿ ಒಂದು ಕಪ್ಪು ಉಂಡೆ ಕೊಡ್ತಾನಲ್ಲ, ಅದು ಕೋಳಿಗೂಡಿನ ಬಾಗಿಲಿಗೆ ಆನಿಸಿದ್ದೀನಿ. ಒಂದೂ ಕೊಳೆತಿಲ್ಲ. ಕೋಳೀನೂ ಮುಟ್ಟಲ್ಲ."

"ಅಜ್ಜೀ, ಇದು ಬೇಡ..."

"ಏನಂದ್ರು? ಏನಂದ್ರು?" ಗ್ಲೆನಿಸ್ ಕುರ್ಚಿ ಎಳೆದುಕೊಂಡಳು. "ಮುಚ್ಚಿಡಬೇಡ ಪುಟ್ಟಾ, ನೀನು ದುಭಾಷಿ!"

ಹೇಳಿದ. ಅದನ್ನೂ ಹೇಳಿದ. ಆಮೇಲೆ ಎಷ್ಟೋ ರಾತ್ರಿ ಮಗ್ಗಲು ಬದಲಿಸುವಾಗಲೆಲ್ಲ ವಿಯಸ್ನಾನಿಗೆ ಈ ಒಂದು ಗಳಿಗೆ ನೆನಪಾಗುತ್ತಿತ್ತು. ‘ಅಜ್ಜಿಗೆ ನಿಮ್ಮ ಸಿಹಿ ಬಹಳ ಇಷ್ಟವಂತೆ’ ಎಂಬ ಒಂದು ಸುಳ್ಳು ಸಾಕಿತ್ತು. ಹಾಗೆ ಹೇಳಿದ್ದರೆ ಇಬ್ಬರೂ ನಕ್ಕು, ಕೇಕು ತಿಂದು, ಮರುದಿನ ಬೆಳಿಗ್ಗೆ ಏಳಕ್ಕೆ ಬೇಲಿಯ ಬಳಿ ಮತ್ತೆ ತೋಳುಗಳಾಗುತ್ತಿದ್ದರು.

ಮರ್ವ್‌ನ ಮುಖದಿಂದ ಬಣ್ಣ ಇಳಿಯಿತು. "ಅದು ಬೆರಿಲ್ ಮಾಡ್ತಿದ್ದ ಕ್ರಿಸ್‌ಮಸ್ ಕಡುಬು," ಎಂದ ನಿಧಾನವಾಗಿ. "ಅವಳೇ ಬರೆದಿಟ್ಟ ಚೀಟಿ ನೋಡ್ಕೊಂಡು ಮಾಡ್ತೀನಿ. ಎಂಟು ಗಂಟೆ ಬೇಯಿಸ್ಬೇಕು. ವರ್ಷಕ್ಕೆ ಎರಡೇ ಮಾಡೋದು. ಒಂದು ನಂಗೆ, ಒಂದು ಅವರಿಗೆ."

ಅಜ್ಜಿ ತರ್ಜುಮೆಗೆ ಕಾಯಲಿಲ್ಲ. ರೇಷ್ಮೆಯ ನೆರಿಗೆ ಎತ್ತಿ ಹಿಡಿದು ಹಿತ್ತಲಿಗೆ ಹೊರಟೇ ಹೋದಳು.

"ತಡಿ, ಇನ್ನೊಂದು ಇದೆ," ಮರ್ವ್ ವಿಯಸ್ನಾನ ತೋಳು ಹಿಡಿದುಕೊಂಡ. "ಆ ಗಾಳಿ ಬಂದ ವಾರಾನೇ ಬೆರಿಲ್ ಹೋಗಿದ್ದು. ನನ್ನ ಗಂಟಲಲ್ಲಿ ಏನೂ ಇಳೀತಿರ್ಲಿಲ್ಲ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಆ ಬಟ್ಟಲು ಬರ್ತಿತ್ತು. ಅದನ್ನ ತಗೊಳ್ಳೋಕಾದ್ರೂ ಹಾಸಿಗೆ ಬಿಟ್ಟು ಏಳಬೇಕಿತ್ತು. ಚೆಲ್ಲೋಕೆ ಮನಸ್ಸು ಬರ್ಲಿಲ್ಲ, ಅದಕ್ಕೇ ಅವಳ ಗುಲಾಬಿಗೆ ಹಾಕ್ದೆ. ಇದನ್ನ ಹೇಳು ಮಾರಾಯ. ಮೊದಲು ಇದನ್ನೇ ಹೇಳಬೇಕಿತ್ತು ನಾನು."

ಅಷ್ಟರಲ್ಲಿ ಹಿತ್ತಲಿನಿಂದ ಸುತ್ತಿಗೆಯ ಸದ್ದು ಕೇಳಿಸಿತು.

ವಿಯಸ್ನಾ ಓಡಿದ. ಇಪ್ಪತ್ತು ವರ್ಷ ಕೋಳಿಗಳಿಗೆ ಏಣಿಯಾಗಿದ್ದ ಎರಡು ಹಲಗೆಗಳನ್ನು ಅಜ್ಜಿ ಬೇಲಿಯ ಸಂದಿಗೆ ಒತ್ತಿ ನಿಲ್ಲಿಸಿದ್ದಳು. ಕೈಯಲ್ಲಿದ್ದ ಸುತ್ತಿಗೆ ಮರ್ವ್‌ನದೇ. ಎಂದೋ ಸಂದಿಯಿಂದ ಬಂದಿದ್ದು. ಹಿಡಿಯ ಮೇಲೆ ಅವನ ಹೆಸರಿನ ಅಕ್ಷರ ಸುಟ್ಟು ಕೊರೆದಿತ್ತು. ಹೊಡೆದ ಮೊಳೆಗಳೆಲ್ಲ ಸೀಗಡಿಯಂತೆ ಮುದುಡಿ ಬಿದ್ದಿದ್ದವು.

"ಅಜ್ಜೀ, ಒಂದು ಮಾತು ಕೇಳು..."

"ಹಲಗೆ ಹಿಡ್ಕೊಳ್ಳೋದಾದ್ರೆ ಹಿಡ್ಕೋ. ಮಾತು ಬೇಡ."

ಮರ್ವ್ ತನ್ನ ಮನೆಯ ಕಡೆಯಿಂದ ಬಂದು ಬೇಲಿಯಾಚೆ ನಿಂತಿದ್ದ. ನಲವತ್ತು ವರ್ಷ ಹಳಿಗೆ ಮೊಳೆ ಬಡಿದವನು. ಎದೆ ಒಡೆದಿದ್ದರೂ ಮೊಳೆ ಸೊಟ್ಟಗೆ ಹೋಗುವ ಸದ್ದನ್ನು ಅವನ ಕಿವಿ ಸಹಿಸದು. ಸಂದಿಯಿಂದ ಆ ಚುಕ್ಕೆತೋಳು ಕೊನೆಯ ಬಾರಿಗೆ ಬಂತು, ಅಂಗೈ ಬಿಡಿಸಿ ಕಾಯಿತು. ಅಜ್ಜಿ ಸುತ್ತಿಗೆಯನ್ನು ಅದರಲ್ಲಿಟ್ಟಳು. ಅವನು ರಸಮಟ್ಟ ಹಿಡಿದು ಹಲಗೆ ನೇರ ಮಾಡಿದ. ಅವಳು ಈಚೆಯಿಂದ ಬೆನ್ನು ಕೊಟ್ಟು ಒತ್ತಿ ನಿಂತಳು. ಒಂದೊಂದು ಏಟಿಗೂ ಅವಳ ನರೆತಲೆ ಸ್ವಲ್ಪ ಅದುರುತ್ತಿತ್ತು.

"ಅಬ್ಬಾ! ಯಾರೂ ಅಲ್ಲಾಡಬೇಡಿ!"

ಬಳಗದ ಮುಖ್ಯಸ್ಥೆ ಫಿಲಿಪಾ ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದಳು. ಪಕ್ಕದ ಗೇಟು ತೆಗೆದುಕೊಟ್ಟದ್ದು, ಹೇಳಬೇಕಾಗಿಲ್ಲ, ಗ್ಲೆನಿಸ್. ಅವಳೊಂದಿಗೆ ಬಂದ ಛಾಯಾಗ್ರಾಹಕ ಆಗಲೇ ಮಣ್ಣಿನಲ್ಲಿ ಮಂಡಿಯೂರಿದ್ದ.

"ರೇಷ್ಮೆ ಉಟ್ಟು, ಟೈ ಕಟ್ಟಿ, ಇಬ್ಬರೂ ಸೇರಿ ಮುರಿದ ಬೇಲಿ ಕಟ್ತಿದ್ದಾರೆ! ಒಂದು ಮಾತೂ ಇಲ್ಲದೆ!" ಫಿಲಿಪಾಳ ಕಣ್ಣು ತುಂಬಿತ್ತು. "ವಿಯಸ್ನಾ, ಬೇರೆಯವರೆಲ್ಲ ಜನರ ಕೈಲಿ ಬರೀ ಮಾತಾಡಿಸಿದ್ರು. ನೀನು ಕೆಲಸ ಮಾಡಿಸಿದೆ."

"ಇಲ್ಲ ಫಿಲಿಪಾ. ಅವರು... ಅವರು ಸಂದಿ ಮುಚ್ತಿದ್ದಾರೆ."

"ಹೌದಲ್ಲ! ಎಷ್ಟು ಚೆನ್ನಾಗಿ ಮುಚ್ತಿದ್ದಾರೆ!"

"ನಿಮಗೆ ಅರ್ಥ ಆಗ್ತಿಲ್ಲ. ತಪ್ಪು ನಂದು."

"ವಿನಯಾನೂ ಇದೆ ನೋಡಿ ಈ ಹುಡುಗನಿಗೆ," ಎಂದು ಫಿಲಿಪಾ ಗ್ಲೆನಿಸಳಿಗೆ ಹೇಳಿದಳು. "ಎಲ್ಲಾ ನನ್ನ ಮೇಲುಸ್ತುವಾರಿ," ಎಂದಳು ಗ್ಲೆನಿಸ್.

ಕೊನೆಯ ಮೊಳೆ ಒಂದೇ ಏಟಿಗೆ ಒಳಗಿಳಿಯಿತು. ಬೇಲಿ ಗೋಡೆಯಂತೆ ನಿಂತಿತು. ಆಚೆ ಹೆಜ್ಜೆಯ ಸದ್ದು ದೂರವಾಗಿ, ಒಂದು ಬಾಗಿಲು ಮೆಲ್ಲಗೆ ಮುಚ್ಚಿತು.

ಎಲ್ಲರೂ ಹೋದ ಮೇಲೆ, ಬಾವುಟ ಚುಚ್ಚಿದ ಕೇಕಿನ ಎದುರು ವಿಯಸ್ನಾ ಒಬ್ಬನೇ ಕುಳಿತಿದ್ದ. ಸಂಜೆಯ ಹೊತ್ತಿಗೆ ಅಡುಗೆಮನೆಯಲ್ಲಿ ಅಭ್ಯಾಸಬಲದಿಂದ ಒರಳಿನ ಸದ್ದು ಶುರುವಾಯಿತು. ಏಳೆಂಟು ಕುಟ್ಟಿಗೆ ನಿಂತಿತು. ಬಹಳ ಹೊತ್ತಾದ ಮೇಲೆ ಮತ್ತೆ ಕೇಳಿಸಿತು, ಕೊನೆಯವರೆಗೂ ನಡೆಯಿತು.

ಫೋನು ಮಿನುಗಿತು. ಅಭಿನಂದನೆ. ಜುಲೈನ ಭಾಷಣ ಅವನದೇ. ಬೇಲಿಯ ಚಿತ್ರವೇ ಸಮಾವೇಶದ ಪುಸ್ತಕಕ್ಕೆ ಮುಖಪುಟ. ಭಾಷಣದ ವಿಷಯ: ‘ನಡುವಿನ ಅಂತರವನ್ನು ಮುಚ್ಚುವುದು ಹೇಗೆ’.

ಅಜ್ಜಿ ಬಂದು ಮುಚ್ಚಿದ ಬಟ್ಟಲೊಂದನ್ನು ಅವನ ಮುಂದಿಟ್ಟಳು. ನಾಳೆ ಬೆಳಿಗ್ಗೆ ಏಳಕ್ಕೆ ಬೇಲಿಗೆ ಹೋಗಬೇಕಿದ್ದ ಬಟ್ಟಲು.

"ಅಜ್ಜೀ, ಮರ್ವ್ ನಿಂಗೊಂದು ಮಾತು ಹೇಳು ಅಂದಿದ್ದ. ಅವನ ಹೆಂಡತಿ ಸತ್ತಾಗ..."

"ಸಾಕು ಮಗಾ. ಇವತ್ತು ನೀನು ತರ್ಜುಮೆ ಮಾಡಿದ್ದು ಸಾಕು." ದನಿಯಲ್ಲಿ ಸಿಟ್ಟಿರಲಿಲ್ಲ, ಅದಿದ್ದಿದ್ದರೆ ಒಳ್ಳೆಯದಿತ್ತು. "ಆರೋದ್ರೊಳಗೆ ತಿನ್ನು. ಇನ್ಮೇಲೆ ದಿನಾ ನೀನೇ ತಿನ್ಬೇಕು."

ಅವಳು ಎದುರಿಗೆ ಕುಳಿತು ನೋಡತೊಡಗಿದಳು. ವಿಯಸ್ನಾ ಮುಚ್ಚಳ ಎತ್ತಿದ. ಹುಟ್ಟಿದಂದಿನಿಂದ ಆ ಗೊಜ್ಜಿನ ವಾಸನೆಗೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದವನು ಅವನು. ಇದುವರೆಗೆ ಒಂದು ತುತ್ತೂ ಬಾಯಿಗಿಟ್ಟವನಲ್ಲ. ಕಿಟಕಿಯಾಚೆ ಕಣ್ಣು ಹಾಯಿಸಿದ. ಮಜ್ಜಿಗೆಹುಲ್ಲು, ಮೆಣಸಿನ ಗಿಡ, ಕೋಳಿಗೂಡು, ಅದರ ಬಾಗಿಲಿಗೆ ಸಾಲಾಗಿ ಆನಿಸಿದ ಇಪ್ಪತ್ತು ಕಪ್ಪು ಉಂಡೆಗಳು, ಹಿಂದೆ ಒಂದು ಸಂದೂ ಇಲ್ಲದ ಬೇಲಿ. ಅಷ್ಟು ದೊಡ್ಡ ಹಿತ್ತಲಿನಲ್ಲಿ ಹುಡುಕಿದರೂ ಒಂದು ಗುಲಾಬಿ ಗಿಡವಿರಲಿಲ್ಲ.