ನನ್ನ ಪ್ರೇಮಪತ್ರವನ್ನು ನಲವತ್ತೇಳು ಬಂಧುಗಳಿಗೆ ಮುಟ್ಟಿಸಿದ ‘ಉತ್ತರಿಸು’ ಗುಂಡಿಗೆ

ಮಾನ್ಯರೇ,

ಇ-ಮೇಲ್ ತೆರೆದ ಕೂಡಲೇ ಪರದೆಯ ಮೂಲೆಯಲ್ಲಿ, ಬೆನ್ನು ಬಾಗಿದ ಬಾಣವೊಂದನ್ನು ಹೊತ್ತುಕೊಂಡು, ಯಾರು ಯಾವಾಗ ಒತ್ತಿದರೂ ಬೇಸರಿಸದೆ ಓಡುವ ತಮಗೆ, ಮದುವೆಯಾಗಿ ಇನ್ನೂ ಹನ್ನೊಂದೇ ವಾರವಾಗಿರುವ ನನ್ನ ಅನಂತಾನಂತ ನಮಸ್ಕಾರಗಳು. ಶಾಲೆಯಲ್ಲಿ ರಜೆಯ ಅರ್ಜಿಯನ್ನೂ ಇಂಗ್ಲಿಷಿನಲ್ಲೇ ಬರೆದು ಬೆಳೆದವಳು ನಾನು. ಆದರೂ ತಮ್ಮ ವಿಷಯದಲ್ಲಿ ಹೊಟ್ಟೆಯಲ್ಲಿರುವುದನ್ನು ಕನ್ನಡದಲ್ಲಿ ಹೇಳಿಕೊಂಡರೇ ಸಮಾಧಾನ.

ನಾನೂ ನನ್ನವರೂ ಸಂಸಾರ ಹೂಡಿರುವುದು ಟೈರ್ ಅಂಗಡಿಯ ಮೇಲಿನ ಒಂದೇ ಒಂದು ಕೋಣೆಯಲ್ಲಿ. ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾಯಿತೆಂದರೆ ಕಪಾಟಿನ ಲೋಟಗಳು ಒಂದನ್ನೊಂದು ಮುದ್ದಾಡುತ್ತವೆ; ನಮಗೆ ಮಾತ್ರ ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ಹೀಗಿರುವಾಗ ನನ್ನವರ ಚಿಕ್ಕಮ್ಮ, ತಮ್ಮ ಮನೆಯ ಮಹಡಿ ಖಾಲಿಯಾಗಿದೆ, ಎರಡು ಕೋಣೆ, ಒಂದು ಬಾಲ್ಕನಿ, ಬಂಧುಗಳು ಬೇಕಾದರೆ ಮೊದಲು ಕೇಳಿ ಎಂದು ಕುಟುಂಬದ ಮೇಲ್ ಗುಂಪಿಗೆ ಬರೆದರು. ಆ ಗುಂಪಿನ ಒಂದೇ ವಿಳಾಸಕ್ಕೆ ಬರೆದರೆ ಸಾಕು, ನಲವತ್ತೇಳು ಮಂದಿಗೆ ತಲುಪುತ್ತದೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ನನ್ನವರು, ಕೈಲಿದ್ದ ಗಾಜನ್ನು ಪಕ್ಕಕ್ಕಿಟ್ಟು, “ಚಿಕ್ಕಮ್ಮಾ, ನಮಗೇ ಕೊಡಿ, ಬೇರೆ ಯಾರಿಗೂ ಮಾತು ಕೊಡ್ಬೇಡಿ” ಎಂದು ಗುಂಪಿಗೆ ಬರೆದರು. ನಾನು ನನ್ನ ಟ್ರಾವೆಲ್ ಕಚೇರಿಯಲ್ಲಿ, ಗಿರಾಕಿಯನ್ನು ಎದುರಿಗೇ ಕೂರಿಸಿಕೊಂಡು, ಪರದೆಯ ಮೇಲೆ ನನ್ನವರ ಹೆಸರು ಕಂಡ ಸಂಭ್ರಮದಲ್ಲಿ ತಮ್ಮನ್ನು ಒತ್ತಿದೆ.

ಒತ್ತಿ ಬರೆದದ್ದು ಇಷ್ಟು: “ನನ್ನ ಸಕ್ಕರೆ ಡಬ್ಬೀ, ಬಾಲ್ಕನಿಯಂತೆ ಬಾಲ್ಕನಿ! ಹೋದ ತಕ್ಷಣ, ಚಿಕ್ಕಮ್ಮ ಅಲ್ಲಿ ಇಟ್ಟಿರೋ ಆ ಹುಲಿಪಟ್ಟೆ ಸೋಫಾನ ಹೊರಗೆ ಹಾಕೋಣ, ಕೂತರೆ ನನ್ನೇ ತಿಂದ್ಬಿಡುತ್ತೇನೋ ಅನ್ಸುತ್ತೆ. ನಿಮ್ಮ ಚಿಕ್ಕಮ್ಮ ಗಂಟೆಗೊಂದು ನೆಪ ಹೇಳ್ಕೊಂಡು ಮೇಲೆ ಬಂದ್ರೆ ಮೆಟ್ಟಿಲಿಗೆ ಸೋಪು ಹಚ್ಚಿಡ್ತೀನಿ ನೋಡಿ!”

ಎಂಥ ಧಾರಾಳ ತಮ್ಮದು! ಒಬ್ಬರಿಗೆಂದು ಕಟ್ಟಿಟ್ಟ ಪ್ರೀತಿಯನ್ನು ಕ್ಷಣಮಾತ್ರದಲ್ಲಿ ನಲವತ್ತೇಳು ಪಾಲು ಮಾಡಿ, ಚಿಕ್ಕಮ್ಮನವರ ಪಾಲನ್ನೂ ಮರೆಯದೆ, ಮನೆಮನೆಗೆ ಮುಟ್ಟಿಸಿದಿರಿ. ಅತ್ತಿಗೆ ಫೋನು ಮಾಡಿ, “ಏನೇ, ಡಬ್ಬಿ ಮುಚ್ಚಳ ಸರಿಯಾಗಿ ಹಾಕಿದೀಯಾ? ಇರುವೆ ಮುತ್ತೀತು” ಎಂದರು. ಗುಂಪಿನ ಹಿರಿಯರಾದ ದೊಡ್ಡಮಾವ ನ್ಯಾಯಾಲಯದ ಕಡತಗಳನ್ನು ಕಾಯ್ದು ನಿವೃತ್ತರಾದವರು. ಗುಂಪಿಗೆ ಬಂದ ಪ್ರತಿಯೊಂದು ಮೇಲನ್ನೂ ಮುದ್ರಿಸಿ, ನಂಬರು ಹಾಕಿ, ದಾರ ಕಟ್ಟಿಡುತ್ತಾರೆ. ತಮ್ಮ ದಯೆಯಿಂದ ನನ್ನ ಪ್ರೇಮಪತ್ರ ಈಗ ಎರಡು ಸಾವಿರದ ನೂರ ಹದಿನಾಲ್ಕನೆಯ ದಾಖಲೆ.

ತಮ್ಮ ಸಹಾಯಪುಟವನ್ನು ಓದಿದಾಗ, ತಾವು ನಿರಪರಾಧಿ ಎಂದು ತಿಳಿಯಿತು. ಗುಂಪಿನ ಮೂಲಕ ಬರುವ ಮೇಲುಗಳು ‘ಉತ್ತರವೂ ಗುಂಪಿಗೇ ಬರಲಿ’ ಎಂಬ ಸೂಚನೆಯನ್ನು ಒಳಗೇ ಅಡಗಿಸಿಕೊಂಡು ಬರುತ್ತವಂತೆ, ತಾವು ಅದನ್ನು ತಲೆಯ ಮೇಲೆ ಹೊತ್ತು ನಡೆಸುತ್ತೀರಂತೆ. ಇಂಥ ವಿಧೇಯತೆ ನನ್ನವರಲ್ಲೂ ಇಲ್ಲ. ಒಂದು ಇಡೀ ಮಧ್ಯಾಹ್ನ ಸೆಟ್ಟಿಂಗುಗಳ ಒಳಗಿನ ಸೆಟ್ಟಿಂಗುಗಳ ಒಳಹೊಕ್ಕು, ‘ಬರೆದವರಿಗೆ ಮಾತ್ರ ಉತ್ತರಿಸು’ ಎಂಬ ಚೌಕವನ್ನು ಹುಡುಕಿ, ಅದರೊಳಗೆ ಸರಿ ಗುರುತು ಹಾಕಿ, ಗೆದ್ದೆ ಎಂದು ಕುಣಿದಾಡಿದೆ. ಆಮೇಲೆ ಅದನ್ನು ಮರೆತೂಬಿಟ್ಟೆ.

ಎರಡು ದಿನ ಬಿಟ್ಟು ದೊಡ್ಡಮಾವ ಗುಂಪಿಗೆ, “ತಪ್ಪು ಆಗುತ್ತೆ, ಒಪ್ಕೊಂಡ್ರೆ ಮುಗೀತು” ಎಂದು ಬರೆದರು. ನಾನು ಕಣ್ಣೀರು ಸುರಿಸಿಕೊಂಡು, ಪಕ್ಕದಲ್ಲಿ ನನ್ನವರನ್ನು ಕೂರಿಸಿಕೊಂಡು, ಚಿಕ್ಕಮ್ಮನವರ ಕಾಲು ಹಿಡಿದಷ್ಟು ವಿನಯದಿಂದ ಒಂದೂವರೆ ಪುಟದ ಕ್ಷಮಾಪಣೆ ಬರೆದು, ಆ ಮೇಲಿಗೇ ಉತ್ತರವಾಗಿ ತಮ್ಮ ಕೈಗೊಪ್ಪಿಸಿದೆ. ತಾವು ಅದನ್ನು ದೊಡ್ಡಮಾವನವರೊಬ್ಬರಿಗೇ ಕೊಟ್ಟಿರಿ! ಬೈಗುಳ ನಲವತ್ತೇಳು ಜನಕ್ಕೆ, ಕ್ಷಮಾಪಣೆ ಒಬ್ಬರಿಗೆ: ಈ ವಿತರಣಾ ನ್ಯಾಯಕ್ಕೆ ಯಾವ ಪದಕ ಕೊಟ್ಟರೂ ಕಡಿಮೆಯೇ.

ಒಂಬತ್ತು ದಿನ ಯಾರೂ ಉಸಿರೆತ್ತಲಿಲ್ಲ. ಇಷ್ಟು ಅತ್ತರೂ ಕರಗದ ಮಂದಿಯೇ ಎಂದು ನಾನು ಮುನಿಸಿಕೊಂಡೆ. ಒಂದು ಮಾತೂ ಆಡದ ಸೊಸೆಯೇ ಎಂದು ಅವರು ಮುನಿಸಿಕೊಂಡರು. ಹತ್ತನೆಯ ದಿನ, ಶನಿವಾರ, ಚಿಕ್ಕಮ್ಮನವರ ಮೇಲು ಬಂತು: “ನಾಳೆ ಸಂಜೆ ತನಕ ನೋಡ್ತೀನಿ. ಆಮೇಲೆ ಮಹಡಿ, ಬಾಡಿಗೆಗೆ ಕೇಳ್ತಿರೋ ಹಲ್ಲಿನ ಡಾಕ್ಟರಿಗೆ.” ನಾನು ಎದ್ದುಬಿದ್ದು ದೊಡ್ಡಮಾವನಿಗೆ ಫೋನು ಮಾಡಿ, ನನ್ನ ಕ್ಷಮಾಪಣೆ ಯಾರಿಗೂ ತಲುಪಲೇ ಇಲ್ಲವೇ ಎಂದು ಕೇಳಿದರೆ, ಅವರು ಬಲು ಅಕ್ಕರೆಯಿಂದ, “ತಲುಪಿದೆ ಕಣಮ್ಮಾ. ನನಗೊಬ್ಬನಿಗೇ ಬರೆದಿದ್ದೀಯಲ್ಲ, ಗೋಪ್ಯ ಕಡತಕ್ಕೆ ಹಾಕಿದೀನಿ. ಯಾರ ಹತ್ರಾನೂ ಬಾಯಿಬಿಟ್ಟಿಲ್ಲ, ನೀನು ಹೆದರ್ಬೇಡ” ಎಂದರು.

ಆ ದಿನ ತಮ್ಮನ್ನು ಮುಟ್ಟುವ ಧೈರ್ಯವಾಗಲಿಲ್ಲ. ನಲವತ್ತೇಳು ವಿಳಾಸಗಳನ್ನು ನನ್ನವರು ಒಂದೊಂದಾಗಿ ಓದಿ ಹೇಳಿದರು, ನಾನು ಒಂದೊಂದಾಗಿ ಟೈಪು ಮಾಡಿದೆ, ಚಿಕ್ಕಮ್ಮನವರದನ್ನು ಮೂರು ಸಲ ಸರಿನೋಡಿ, ಅದೇ ಕ್ಷಮಾಪಣೆಯನ್ನು ಮತ್ತೆ ಕಳಿಸಿದೆ. ಭಾನುವಾರ ಮಧ್ಯಾಹ್ನ ಉತ್ತರ ಬಂತು: “ಓದಿದೆ. ಮೊದಲೇ ಹೇಳೋಕೇನಾಗಿತ್ತು? ಇಬ್ರೂ ಬಂದು ಕೀ ತಗೊಂಡು ಹೋಗಿ. ಡಾಕ್ಟರಿಗೆ ನಾನೇ ಏನೋ ಒಂದು ಹೇಳ್ಕೋತೀನಿ.”

ಆದ್ದರಿಂದ ತಮ್ಮಲ್ಲಿ ನನ್ನ ಸಣ್ಣಪುಟ್ಟ ವಿನಂತಿಗಳು. ಮುದ್ದಿನ ಹೆಸರಿನಿಂದ ಶುರುವಾಗುವ ಪತ್ರ ಕೈಗೆ ಬಂದರೆ ದಯವಿಟ್ಟು ನಾಚಿಕೊಂಡು ಒಂದು ಕ್ಷಣ ನಿಲ್ಲಿ. ಯಾರ ಸೋಫಾವನ್ನು ಬೈಯುತ್ತಿದ್ದೇವೋ ಅವರೇ ವಿಳಾಸದ ಸಾಲಿನಲ್ಲಿದ್ದರೆ ಮೆಲ್ಲಗೆ ಕೆಮ್ಮಿ. ಕ್ಷಮಾಪಣೆಯ ಪತ್ರವಾದರೆ ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿ, ಒದ್ದೆಯಿದ್ದರೆ ಯಾವ ಚೌಕದಲ್ಲಿ ಏನೇ ಗುರುತಿದ್ದರೂ ಊರಿಗೆಲ್ಲ ಹಂಚಿ. ಇಷ್ಟೂ ಆಗದಿದ್ದರೆ, ಒತ್ತುವ ಮುಂಚೆ ಯಾರಿಗೆ ಹೋಗುತ್ತಿದೆ ಎಂಬುದನ್ನು ನನ್ನಂಥವರಿಗೂ ಕಾಣುವಷ್ಟು ದಪ್ಪ ಅಕ್ಷರದಲ್ಲಿ ತೋರಿಸಿ.

ಅಳಿದುಳಿದ ಭರವಸೆಯೊಂದಿಗೆ,
ತಮ್ಮ ವಿಶ್ವಾಸಿ,
ಮಹಡಿ ಮನೆಯ ಹೊಸ ಸೊಸೆ

ತಾ.ಕ.: ಮನೆ ಸಿಕ್ಕ ಸಂತೋಷಕ್ಕೆ ನನ್ನವರಿಗೆ ನಾಲ್ಕು ಸಾಲು ಬರೆಯಬೇಕೆನಿಸಿತು. ಕಾಗದದ ಮೇಲೆ ಬರೆದು, ಮಡಚಿ, ಅವರ ಊಟದ ಡಬ್ಬಿಯ ಮುಚ್ಚಳದೊಳಗೆ ಇಟ್ಟೆ. ಅದು ಅವರೊಬ್ಬರಿಗೇ ತಲುಪಿತು. ಸೆಟ್ಟಿಂಗೇನೂ ಬೇಕಾಗಲಿಲ್ಲ.